ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ

ಕಳೆದ ತಿಂಗಳು 19ನೇ ತಾರೀಖು ರಾತ್ರಿ ಜೀವನ್ ಬಿಮಾ ನಗರದ ನಮ್ಮ ಮನೆಯ ಕಂಪ್ಯೂಟರನ್ನು ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಲು ಕೂತೆ. ಮಾಡಬಾರದ ದಿನ ಅದು. ಅಬ್ಬಾ ಅವರ ಯೂನಿಫಾರ್ಮ್ ಹೊಲಿಯುವ ಅಂಗಡಿಯ ಬಿಲ್ಲುಗಳೆಲ್ಲ ಅದರಲ್ಲೇ ಇವೆ. ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕೊನೆಯ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ಬಡ್ಡಿ ಬೇರೆ. ಕಾಮರ್ಸ್ ಓದುವ ನಾನು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಹನ್ನೊಂದೂವರೆಗೆ ಪರದೆ ಮೇಲೆ ಎರರ್‌ಗಳು ಬಂದು ನಿಂತವು. ವೈ-ಫೈ ಡ್ರೈವರ್ ಬಿಲ್ಡ್ ಆಗಲಿಲ್ಲ, ಡಿಪಿಕೆಜಿ ಎರರ್ ಕೋಡ್ 1. ಗಾಬರಿಯಲ್ಲಿ ರೀಸ್ಟಾರ್ಟ್ ಮಾಡಿದೆ. ಅದು ಎರಡನೇ ತಪ್ಪು. ವೈ-ಫೈ ಪೂರ್ತಿ ಹೋಯಿತು.

ಹೆಚ್ಚಿನ ಪ್ಯಾಕೇಜುಗಳು ಸಿದ್ಧವಾಗಿಯೇ ಬರುತ್ತವೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನೇ ನೋಡಿ. ಕಡತಗಳನ್ನು ಅವುಗಳ ಜಾಗಕ್ಕೆ ಹಾಕಿದರೆ ಮುಗಿಯಿತು, ಕರ್ನಲ್ ಯಾವುದಾದರೂ ಅವಕ್ಕೆ ಚಿಂತೆಯಿಲ್ಲ. ಆದರೆ ನಾವೇ ಹೊರಗಿನಿಂದ ತಂದು ಹಾಕಿದ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಬಿಲ್ಡ್ ಆಗಬೇಕು. ಆ ಕೆಲಸವನ್ನು ಡಿಕೆಎಂಎಸ್ ತಾನಾಗಿ ಮಾಡುತ್ತದೆ. ನನ್ನಲ್ಲಿದ್ದ ಕರ್ನಲ್ 5.15, ಹೊಸದು 6.8. ನಡುವೆ ಕರ್ನಲ್ ಒಳಗಿನ ಎಷ್ಟೋ ಫಂಕ್ಷನ್‌ಗಳು ಬದಲಾಗಿವೆ, ನನ್ನ ಹಳೆಯ ಡ್ರೈವರ್ ಕೋಡ್ ಇನ್ನೂ ಹಳೆಯ ಹೆಸರನ್ನೇ ಕರೆಯುತ್ತಿತ್ತು. ಅಬ್ಬಾ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಹುಡುಗ ಬೆಳೆದಿದ್ದಾನೆ, ಕಟಿಂಗ್ ಮಾತ್ರ ಹೋದ ವರ್ಷದ ಅಳತೆಗೆ.

ಒಂದು ಡ್ರೈವರ್‌ಗಾಗಿ ಇಡೀ ಅಪ್‌ಗ್ರೇಡ್ ಏಕೆ ನಿಲ್ಲಬೇಕು? ಕರ್ನಲ್ ಹೆಡರ್ ಪ್ಯಾಕೇಜ್ ಕೂರುವ ಕೊನೆಯ ಹಂತದಲ್ಲಿ ಡಿಕೆಎಂಎಸ್ ಓಡುತ್ತದೆ. ಅದು ಸೋತರೆ ಆ ಪ್ಯಾಕೇಜ್ ಅರ್ಧ ಕಾನ್ಫಿಗರ್ ಆಗಿ ಉಳಿಯುತ್ತದೆ, ಅದನ್ನು ಅವಲಂಬಿಸಿದವೂ ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಕೊನೆಯಲ್ಲಿ ಕಾಣುವ ಐದಾರು ಎರರ್‌ಗಳಲ್ಲಿ ನಿಜವಾದದ್ದು ಒಂದೇ ಇರಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಕೊನೆಯ ಮೊತ್ತವನ್ನು ದಿಟ್ಟಿಸಿ ಕೂರುತ್ತೇವೆಯೇ? ಲೆಡ್ಜರ್‌ಗೆ, ಜರ್ನಲ್‌ಗೆ ಹಿಂದಕ್ಕೆ ಹೋಗುತ್ತೇವೆ. ಇಲ್ಲಿ ಜರ್ನಲ್ ಎಂದರೆ ಡಿಕೆಎಂಎಸ್ ಬರೆದಿಡುವ ಮೇಕ್ ಲಾಗ್. ಅದರಲ್ಲಿ 'ಎರರ್' ಎಂಬ ಪದ ಮೊದಲ ಸಲ ಎಲ್ಲಿ ಬರುತ್ತದೋ ಆ ಸಾಲನ್ನು ಓದಬೇಕು.

ನಾನು ಮೊದಲು ಬಿಲ್ಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಆಮೇಲೆ ರೀಸ್ಟಾರ್ಟ್ ಮಾಡಿ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ 5.15 ಆರಿಸಿದೆ. ಅದಕ್ಕೆ ಬಿಲ್ಡ್ ಆಗಿದ್ದ ಡ್ರೈವರ್ ಅಲ್ಲೇ ಇತ್ತು, ವೈ-ಫೈ ಬಂತು! ಹಳೆಯ ಕರ್ನಲ್ ಇಲ್ಲದವರು ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿಕೊಳ್ಳಬಹುದು, ಅದಕ್ಕೆ ವೈ-ಫೈ ಡ್ರೈವರ್ ಬೇಕಿಲ್ಲ.

ಮುಂದಿನದರಲ್ಲಿ ಕ್ರಮ ಮುಖ್ಯ. ಡ್ರೈವರಿನ ಹೊಸ ಆವೃತ್ತಿಯನ್ನು ಮೊದಲೇ ಇಳಿಸಿಕೊಳ್ಳಿ, ಹಳೆಯದನ್ನು ತೆಗೆದ ಮೇಲೆ ನೆಟ್ ಸಿಗದೆ ಹೋಗಬಹುದು. ನಂತರ 'ಡಿಕೆಎಂಎಸ್ ರಿಮೂವ್' ಆದೇಶದಿಂದ ಹಳೆಯ ಡ್ರೈವರ್ ತೆಗೆಯಿರಿ. ಅಡ್ಡಿಯೇ ಹೋದ ಮೇಲೆ ಡಿಪಿಕೆಜಿಗೆ ಬಾಕಿ ಉಳಿದದ್ದನ್ನೆಲ್ಲ ಕಾನ್ಫಿಗರ್ ಮಾಡಲು ಹೇಳಿ, ಏನಾದರೂ ಉಳಿದರೆ ಆಪ್ಟ್‌ನ 'ಫಿಕ್ಸ್ ಬ್ರೋಕನ್' ಇದೆ. ಕೊನೆಗೆ ಹೊಸ ಡ್ರೈವರನ್ನು 6.8ಕ್ಕೆ ಎಂದು ಹೆಸರಿಸಿಯೇ ಬಿಲ್ಡ್ ಮಾಡಿ. ಸುಮ್ಮನೆ ಬಿಟ್ಟರೆ ಅದು ಆಗ ಓಡುತ್ತಿರುವ 5.15ಕ್ಕೆ ಬಿಲ್ಡ್ ಆಗುತ್ತದೆ. ಇದು ತಿಳಿಯದೆ ನನ್ನ ಒಂದು ಗಂಟೆ ಹೋಯಿತು. 'ಡಿಕೆಎಂಎಸ್ ಸ್ಟೇಟಸ್'ನಲ್ಲಿ 6.8ರ ಎದುರು 'ಇನ್‌ಸ್ಟಾಲ್ಡ್' ಎಂದು ಬಂದ ಮೇಲಷ್ಟೇ ರೀಸ್ಟಾರ್ಟ್.

ಅಬ್ಬಾ ಫಜರ್ ನಮಾಜಿಗೆ ಏಳುವಷ್ಟರಲ್ಲಿ ಹೊಸ ಕರ್ನಲ್‌ನಲ್ಲೂ ವೈ-ಫೈ ಬಂದಿತ್ತು. ರಿಟರ್ನ್ ಅದೇ ದಿನ ಹೋಯಿತು. 5.15 ಅನ್ನು ನಾನಿನ್ನೂ ತೆಗೆದಿಲ್ಲ.