ಮಂಡಿಯ ಚೀಟಿ, ಮಹಾವೀರಾಚಾರ್ಯರ ಸಂಖ್ಯೆ

1,234 ಕೋಟಿ 56 ಲಕ್ಷ 54 ಸಾವಿರದ 321. ಅಂಕಿಗಳಲ್ಲಿ ಬರೆದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ ಮಹಾವೀರಾಚಾರ್ಯರು ಇದನ್ನು ಒಂದರಿಂದ ಆರರವರೆಗೆ ಏರಿ ಬಳಿಕ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ವರ್ಣಿಸಿದ್ದಾರೆ. ಇಂಥ ಸೊಗಸಿನ ಕೆಲವು ಗುಣಲಬ್ಧಗಳನ್ನು ಅವರು ಕಂಠಾಭರಣಕ್ಕೆ ಹೋಲಿಸಿದ್ದೂ ಉಂಟು.

111111 ಅನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಒಂದೊಂದು ಸ್ಥಾನ ಸರಿಸಿ ಆರು ಸಾಲು ಬರೆದು ಕೂಡಿದರೆ ಏರಿಳಿತದ ಗುಟ್ಟು ಕಣ್ಣಿಗೇ ಕಾಣುತ್ತದೆ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಿಲ್ಲುತ್ತದೆ. ಹತ್ತಾದರೆ ದಶಕ ಬಂದು ಮಾಲೆ ಕಡಿಯುತ್ತದೆ.

ಇದರ ಅಂಕಿಗಳ ಮೊತ್ತ 36. ಅದು ಒಂಬತ್ತರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಹತ್ತು, ನೂರು, ಸಾವಿರ ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಶೇಷ ಒಂದೇ. ಆದ್ದರಿಂದ ಅಂಕಿಗಳ ಸ್ಥಾನ ಬದಲಾದರೂ ಶೇಷ ಬದಲಾಗದು. ಹಳೆಯ ಸಂಖ್ಯೆಗೂ ಹೊಸತಕ್ಕೂ ಇರುವ ವ್ಯತ್ಯಾಸ ಸದಾ ಒಂಬತ್ತರ ಗುಣಕ.

ಈ ನಿಯಮದ ಬೆಲೆ ನನಗೆ ತಿಳಿದದ್ದು ತುರುವೇಕೆರೆ ಸೀಮೆಯ ನಮ್ಮ ತೆಂಗಿನ ತೋಟದ ಮನೆಯಲ್ಲಿ. ತಿಪಟೂರಿನ ಮಂಡಿಗೆ ಹಾಕಿದ ಕೊಬ್ಬರಿಯ ಚೀಟಿ ಮೊದಲು ಬಂತು. ಹಣವನ್ನು ಚಿಕ್ಕಪ್ಪ ಕೆಲವು ವಾರಗಳ ಅನಂತರ ತಂದರು. ಅಪ್ಪನ ಪುಸ್ತಕದಲ್ಲಿ 1,728 ರೂಪಾಯಿ ಎಂದಿತ್ತು, ಕೈಗೆ ಬಂದದ್ದು 1,278. ತಮ್ಮ ಬರಹದ ಮೇಲೆ ಅಪ್ಪನಿಗೆ ಸಂಶಯ ಬರಲಿಲ್ಲ, ತಮ್ಮನ ಮೇಲೆ ಬಂತು. ಎರಡು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ. 1979ರಲ್ಲಿ, ಕಾಲೇಜಿನ ರಜೆಯಲ್ಲಿ, ಆ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಕೊರತೆ 450, ಒಂಬತ್ತರ ಐವತ್ತರಷ್ಟು. ಕಂಬಿಗೆ ಚುಚ್ಚಿಟ್ಟಿದ್ದ ಹಳೆಯ ಚೀಟಿಗಳನ್ನು ಹುಡುಕಿದೆ. ಮಂಡಿಯವರು ಬರೆದದ್ದು 1,278. ಎತ್ತಿಕೊಳ್ಳುವಾಗ ಅಪ್ಪ ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದರು. ಅವರು ಮರುಮಾತಾಡದೆ ಹೆಗಲಿಗೆ ಟವಲು ಹಾಕಿಕೊಂಡು ಚಿಕ್ಕಪ್ಪನ ತೋಟದತ್ತ ನಡೆದರು.

ಒಂಬತ್ತರಿಂದ ಭಾಗವಾದ ಮಾತ್ರಕ್ಕೆ ಅದಲುಬದಲೇ ಆಗಿದೆಯೆಂದು ತೀರ್ಮಾನಿಸಲಾಗದು. ಮೂಲ ಚೀಟಿಯನ್ನು ನೋಡು ಎಂಬ ಸೂಚನೆ ಅದು. ಸರ್ಕಾರಿ ಸೇವೆಯುದ್ದಕ್ಕೂ ನಾನು ಪಾಲಿಸಿದ್ದು ಇಷ್ಟನ್ನೇ. ಇಂದು ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯನ್ನು, ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಪತ್ತೆಯಾಗುವಂತೆ ಲೆಕ್ಕಹಾಕಿ ಸೇರಿಸಿರುತ್ತಾರೆ. ಯಂತ್ರ ಕೂಡುವುದರಲ್ಲಿ ತಪ್ಪದಿರಬಹುದು. ಅಂಕಿ ಒತ್ತುವ ಬೆರಳು ತಪ್ಪುತ್ತದೆ. ಲೆಕ್ಕ ತಪ್ಪಿದಾಗ ಮನುಷ್ಯನನ್ನು ಶಂಕಿಸುವ ಮೊದಲು ಅಂಕಿಯನ್ನು ಶಂಕಿಸುವುದು ಲೇಸು. ಆ ಎರಡು ವರ್ಷಗಳನ್ನು ಯಾವ ಲೆಕ್ಕವೂ ನಮ್ಮ ಮನೆಗೆ ಹಿಂದಿರುಗಿಸಲಿಲ್ಲ.