ದುಬೈನಲ್ಲಿದ್ದರೆ ತೆರಿಗೆಯೇ ಇಲ್ಲವಾ? ಎನ್‌ಆರ್‌ಐ ಲೆಕ್ಕ ಶುರುವಾಗೋದು ಪಾಸ್‌ಪೋರ್ಟ್ ಸೀಲಿನಿಂದ

ಕೊರಟಗೆರೆ: ಊರ ಹಬ್ಬಕ್ಕೋ, ತಂಗಿ ಮದುವೆಗೋ, ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ತೀರಿಸೋಕೋ ದುಬೈ, ಸಿಂಗಾಪುರ, ಅಮೆರಿಕದಿಂದ ಹುಡುಗರು ಬರುತ್ತಾರೆ. ಪೇಟೆಯಲ್ಲಿ ಸಿಕ್ಕಾಗ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ದುಡ್ಡಿನ ಹತ್ತಿರ. ‘ಅಲ್ಲಿ ಟ್ಯಾಕ್ಸೇ ಇಲ್ಲ, ಇಲ್ಲೂ ಕಟ್ಟೋ ಹಂಗಿಲ್ಲ, ನಾನು ಎನ್‌ಆರ್‌ಐ’ ಅನ್ನೋ ಮಾತು ಎಲ್ಲರೂ ಕೇಳಿರುವಂಥದ್ದೇ.

ಈ ಮಾತು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದಿದ್ದರೆ ಹೊರಗಿರುವ ಮಗನಿಗೆ ಮಾತ್ರವಲ್ಲ, ಇಲ್ಲಿ ಅವನ ಮಳಿಗೆಯಲ್ಲಿ ಬಾಡಿಗೆಗಿರುವ ಅಂಗಡಿಯವರಿಗೂ, ಅವನ ಸೈಟು ಕೊಳ್ಳುವವರಿಗೂ ತಲೆನೋವು. ಅದಕ್ಕೇ ಈ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ.

ವೀಸಾ ಅಲ್ಲ, ದಿನದ ಲೆಕ್ಕ

ಕೈಯಲ್ಲಿ ದುಬೈ ವೀಸಾ ಇದೆ, ಅಲ್ಲಿ ಕಂಪನಿ ಇದೆ, ಬ್ಯಾಂಕಿನಲ್ಲಿ ಎನ್‌ಆರ್‌ಐ ಖಾತೆ ಇದೆ ಅಂದ ಮಾತ್ರಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಎನ್‌ಆರ್‌ಐ ಆಗೋದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಅನ್ನೋದೇ ಮುಖ್ಯ. ಪ್ರತಿ ವರ್ಷವೂ ಹೊಸ ಲೆಕ್ಕ. ಹೋದ ವರ್ಷ ಎನ್‌ಆರ್‌ಐ ಆಗಿದ್ದವರು ಈ ವರ್ಷ ನಿವಾಸಿ ಆಗಿಬಿಡಬಹುದು.

ಆದಾಯ ತೆರಿಗೆ ಕಾಯ್ದೆ-2025 ಈ ಏಪ್ರಿಲ್ 1, 2026ರಿಂದ ಜಾರಿಗೆ ಬಂದಿದೆ. ‘ಹಿಂದಿನ ವರ್ಷ’, ‘ಅಸೆಸ್‌ಮೆಂಟ್ ವರ್ಷ’ ಹೋಗಿ ‘ತೆರಿಗೆ ವರ್ಷ’ ಅನ್ನೋ ಒಂದೇ ಮಾತು ಬಂದಿದೆ. ಆದರೆ ದಿನದ ಲೆಕ್ಕ 1961ರ ಕಾಯ್ದೆಯಲ್ಲಿ ಇದ್ದಂತೆಯೇ ಮುಂದುವರಿದಿದೆ. ಅದು ಹೀಗಿದೆ:

- ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇಲ್ಲಿದ್ದರೆ ನಿವಾಸಿ.
- ವರ್ಷದಲ್ಲಿ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ.
- ಕೆಲಸಕ್ಕೆಂದು ದೇಶ ಬಿಟ್ಟು ಹೋಗುವ ವರ್ಷ ಭಾರತೀಯ ಪ್ರಜೆಗೆ ಆ 60 ದಿನದ ಬದಲು 182 ದಿನದ ರಿಯಾಯಿತಿ ಇದೆ. ವ್ಯಾಪಾರಕ್ಕೆಂದು ಹೋದವರಿಗೂ ಇದು ಅನ್ವಯಿಸುತ್ತದೆ ಅಂತ ಕೋರ್ಟುಗಳು ಹೇಳಿವೆ.
- ಹೊರಗೆ ನೆಲೆಸಿ ಊರಿಗೆ ಭೇಟಿಗೆ ಬರುವವರಿಗೂ 182 ದಿನದ ರಿಯಾಯಿತಿ ಇದೆ. ಆದರೆ ಇಲ್ಲಿನ ಆದಾಯ ವರ್ಷಕ್ಕೆ 15 ಲಕ್ಷ ದಾಟಿದರೆ ಅದು 120 ದಿನಕ್ಕೆ ಇಳಿಯುತ್ತದೆ. 2020ರ ಬಜೆಟ್‌ನಲ್ಲಿ ಬಂದ ಬದಲಾವಣೆ ಇದು.

ಒಂದು ದಿನದ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಮೊದಲ ಸಲ ಕೆಲಸಕ್ಕೆ ಹೊರಟ ಹುಡುಗ ಸೆಪ್ಟೆಂಬರ್ 28ಕ್ಕೆ ವಿಮಾನ ಹತ್ತಿದರೆ ಆ ವರ್ಷ ಭಾರತದಲ್ಲಿದ್ದದ್ದು 181 ದಿನ. 29ಕ್ಕೆ ಹತ್ತಿದರೆ 182. ಮೊದಲನೆಯದರಲ್ಲಿ ಎನ್‌ಆರ್‌ಐ, ಎರಡನೆಯದರಲ್ಲಿ ನಿವಾಸಿ. 28ಕ್ಕೆ ಹೋದವನೂ ಮಾರ್ಚ್‌ನೊಳಗೆ ಒಂದು ದಿನಕ್ಕೆ ಊರಿಗೆ ಬಂದುಹೋದರೆ ಲೆಕ್ಕ ತಪ್ಪುತ್ತದೆ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿ ಎಣಿಸೋದು ಕ್ಷೇಮ.

ಫ್ಲಿಪ್‌ಕಾರ್ಟ್ ಸ್ಥಾಪಕರ 141 ದಿನ

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಬಿನ್ನಿ ಬನ್ಸಲ್ ಅವರು 2019ರ ಆರಂಭದಲ್ಲಿ ಕೆಲಸಕ್ಕೆಂದು ಸಿಂಗಾಪುರಕ್ಕೆ ಹೋದರು. 2019-20ನೇ ಸಾಲಿನಲ್ಲಿ ಅವರು ಭಾರತದಲ್ಲಿ ಇದ್ದದ್ದು 141 ದಿನ. ‘ನಾನು ಹೊರಗಿನವನು, ಭೇಟಿಗೆ ಬಂದವನು, 182 ದಿನ ಆಗಿಲ್ಲ, ಹಾಗಾಗಿ ಎನ್‌ಆರ್‌ಐ’ ಅನ್ನೋದು ಅವರ ವಾದ.

ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2026ರ ಜನವರಿಯಲ್ಲಿ ಇದನ್ನು ಒಪ್ಪಲಿಲ್ಲ. ಭೇಟಿಗೆ ಬರುವವರ ರಿಯಾಯಿತಿ ಮೊದಲೇ ಅನಿವಾಸಿಯಾಗಿದ್ದವರಿಗೆ, ಈಗಷ್ಟೇ ದೇಶ ಬಿಟ್ಟವರಿಗಲ್ಲ, ಇವರಿಗೆ 60 ದಿನದ ನಿಯಮವೇ ಅನ್ವಯ ಅಂತ ಹೇಳಿತು. ಅಂದರೆ ಆ ವರ್ಷಕ್ಕೆ ಅವರು ಭಾರತದ ನಿವಾಸಿ. ಇಂಥ ಆದೇಶದ ಮೇಲೆ ಹೈಕೋರ್ಟಿಗೆ ಹೋಗುವ ದಾರಿ ಇದ್ದೇ ಇದೆ.

ದೊಡ್ಡವರ ವಿಷಯ ನಮಗ್ಯಾಕೆ ಅನ್ನಬೇಡಿ. ಹೋದ ವರ್ಷ ದುಬೈನಲ್ಲಿ ಅಂಗಡಿ ಹಾಕಿದ, ಈ ವರ್ಷ ಅಮ್ಮನಿಗೆ ಹುಷಾರಿಲ್ಲ ಅಂತ ಮೂರು ತಿಂಗಳು ಊರಲ್ಲೇ ಇದ್ದ ಹುಡುಗನಿಗೂ ಇದೇ ಪ್ರಶ್ನೆ ಬರುತ್ತದೆ. ದೇಶ ಬಿಟ್ಟ ಮೊದಲ ಒಂದೆರಡು ವರ್ಷ 182 ದಿನ ಇದೆಯಲ್ಲ ಅಂತ ಧೈರ್ಯವಾಗಿ ಇರೋ ಹಾಗಿಲ್ಲ. 60 ದಿನದ ಹತ್ತಿರ ಬಂದಾಗಲೇ ಸಿಎ ಒಬ್ಬರನ್ನು ಕೇಳೋದು ಒಳ್ಳೆಯದು.

ನಿವಾಸಿ ಆದರೆ ಏನಾಗುತ್ತದೆ?

ಎನ್‌ಆರ್‌ಐ ಆಗಿದ್ದರೆ ಭಾರತದಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ. ಅಂದರೆ ಮಳಿಗೆ ಬಾಡಿಗೆ, ಇಲ್ಲಿನ ಠೇವಣಿ ಬಡ್ಡಿ, ಸೈಟು ಮಾರಿದ ಲಾಭ ಇತ್ಯಾದಿ. ದುಬೈನಲ್ಲಿ ದುಡಿದದ್ದನ್ನು ಊರಿಗೆ ಕಳಿಸಿದರೂ ಅದಕ್ಕೆ ತೆರಿಗೆ ಇಲ್ಲ. ಪೂರ್ತಿ ನಿವಾಸಿಯಾದರೆ ಹಾಗಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಇಲ್ಲಿ ತೋರಿಸಬೇಕು.

ಇವೆರಡರ ನಡುವೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ’ ಅನ್ನೋ ಮೂರನೇ ವರ್ಗವೂ ಇದೆ. ಇವರ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಆದರೆ ಹೊರಗಿನ ವ್ಯಾಪಾರವನ್ನು ಇಲ್ಲಿಂದಲೇ ನಡೆಸುತ್ತಿದ್ದರೆ ಆ ಆದಾಯಕ್ಕೆ ತೆರಿಗೆ ಉಂಟು. ಅಂಗಡಿ ದುಬೈನಲ್ಲಿ, ಯಜಮಾನರು ಊರಲ್ಲಿ ಕೂತು ವಾಟ್ಸಾಪ್‌ನಲ್ಲೇ ಎಲ್ಲ ತೀರ್ಮಾನ ಮಾಡುವವರು ಅನ್ನುವಂಥವರು ಇದನ್ನು ಗಮನಿಸಬೇಕು. ಇಲ್ಲಿನ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ತೆರಿಗೆ ವ್ಯಾಪ್ತಿಗೆ ಬಾರದ ಭಾರತೀಯ ಪ್ರಜೆಯೂ ಒಂದು ದಿನ ಇಲ್ಲಿರದಿದ್ದರೂ ಇದೇ ವರ್ಗಕ್ಕೆ ಸೇರುತ್ತಾರೆ.

ಇನ್ನು ‘ದುಬೈನಲ್ಲಿ ಟ್ಯಾಕ್ಸೇ ಇಲ್ಲ’ ಅನ್ನೋದು. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ನಿಜ. ಆದರೆ 2023ರ ಜೂನ್‌ನಿಂದ ಕಂಪನಿ ಲಾಭ 3.75 ಲಕ್ಷ ದಿರ್ಹಾಂ ದಾಟಿದರೆ ಶೇ 9 ತೆರಿಗೆ ಇದೆ. ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವವರೂ ವಹಿವಾಟು ವರ್ಷಕ್ಕೆ 10 ಲಕ್ಷ ದಿರ್ಹಾಂ ದಾಟಿದರೆ ಇದರೊಳಗೆ ಬರುತ್ತಾರೆ.

ಹೊರದೇಶದ ಬ್ಯಾಂಕ್ ಖಾತೆ ತಪ್ಪಾ?

ತಪ್ಪಲ್ಲ. ಹೊರಗಿದ್ದಾಗ ದುಡಿದು ಅಲ್ಲೇ ಇಟ್ಟ ಹಣ, ತೆರೆದ ಖಾತೆ, ಕೊಂಡ ಮನೆಯನ್ನು ಊರಿಗೆ ವಾಪಸ್ ಬಂದ ಮೇಲೂ ಇಟ್ಟುಕೊಳ್ಳೋಕೆ ಫೆಮಾ ಕಾನೂನು ಬಿಡುತ್ತದೆ. ತಪ್ಪಾಗೋದು ಮುಚ್ಚಿಟ್ಟಾಗ.

ಪೂರ್ತಿ ನಿವಾಸಿಯಾದವರು ರಿಟರ್ನ್ಸ್ ಸಲ್ಲಿಸುವಾಗ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನೆಲ್ಲ ಬರೆಯಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ. ಸ್ಥಿರಾಸ್ತಿ ಬಿಟ್ಟು ಉಳಿದದ್ದೆಲ್ಲ ಸೇರಿ 20 ಲಕ್ಷದೊಳಗಿದ್ದರೆ ಈ ದಂಡ ಬೇಡ ಅಂತ 2024ರ ಅಕ್ಟೋಬರ್‌ನಿಂದ ಸಡಿಲಿಸಿದ್ದಾರೆ. ತೆರಿಗೆಯನ್ನೇ ಮುಚ್ಚಿಟ್ಟಿದ್ದರೆ ಶೇ 30 ತೆರಿಗೆ, ಅದರ ಮೂರು ಪಟ್ಟು ದಂಡ ಬೇರೆ.

‘ಅಲ್ಲಿರೋದು ಇವರಿಗೆ ಹೆಂಗೆ ಗೊತ್ತಾಗುತ್ತೆ?’ ಅನ್ನೋರಿದ್ದಾರೆ. ಗೊತ್ತಾಗುತ್ತೆ. 2017ರಿಂದ ಭಾರತ ಹಲವು ದೇಶಗಳ ಜತೆ ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತಿದೆ. ಯಾರೂ ಕೇಳದೆಯೇ ವರ್ಷಕ್ಕೊಮ್ಮೆ ಪಟ್ಟಿ ಬರುತ್ತದೆ. ಅಮೆರಿಕದ ಜತೆ ಬೇರೆಯದೇ ಒಪ್ಪಂದ ಇದೆ. ವಿದೇಶಿ ಖಾತೆ ಇರುವವರು ರಿಟರ್ನ್ಸ್‌ನಲ್ಲಿ ತೋರಿಸಿ ಅಂತ ಇಲಾಖೆ 2024ರ ನವೆಂಬರ್‌ನಲ್ಲಿ ಅಭಿಯಾನ ಮಾಡಿ ಮೆಸೇಜು ಕಳಿಸಿದ್ದು ಇದೇ ಪಟ್ಟಿ ಹಿಡಿದು.

ಹವಾಲಾ ದಾರಿಯಂತೂ ಬೇಡವೇ ಬೇಡ. ರೇಟು ಎರಡು ರೂಪಾಯಿ ಜಾಸ್ತಿ ಸಿಗುತ್ತೆ ಅಂತ ಹೋದರೆ ಫೆಮಾ ಪ್ರಕಾರ ಆ ಹಣದ ಮೂರು ಪಟ್ಟುವರೆಗೆ ದಂಡ ಬೀಳಬಹುದು. ಬ್ಯಾಂಕಿನ ಮೂಲಕ ಮಗ ಅಪ್ಪನ ಖಾತೆಗೆ ಎಷ್ಟೇ ಉಡುಗೊರೆ ಕಳಿಸಿದರೂ ಅಪ್ಪನಿಗೆ ತೆರಿಗೆ ಇಲ್ಲ. ಆ ದುಡ್ಡನ್ನು ಠೇವಣಿ ಇಟ್ಟಾಗ ಬರುವ ಬಡ್ಡಿ ಮಾತ್ರ ಅಪ್ಪನ ಆದಾಯ.

ಇಲ್ಲಿನ ಬ್ಯಾಂಕಿನಲ್ಲಿ ಮೂರು ಖಾತೆ

ಬ್ಯಾಂಕಿಗೆ ಅನ್ವಯಿಸೋದು ಫೆಮಾ. ಅದರಲ್ಲಿ ಕೆಲಸಕ್ಕೋ ವ್ಯಾಪಾರಕ್ಕೋ ದೇಶ ಬಿಟ್ಟ ಕೂಡಲೇ ನೀವು ಅನಿವಾಸಿ. ತೆರಿಗೆಯ ದಿನದ ಲೆಕ್ಕಕ್ಕೂ ಇದಕ್ಕೂ ತಾಳೆ ಹಾಕಬೇಡಿ. ಕಾಲೇಜಿನಲ್ಲಿದ್ದಾಗ ತೆರೆದ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ ಮಾಡಿಸಬೇಕು.

- ಎನ್‌ಆರ್‌ಒ: ಇಲ್ಲಿನ ಬಾಡಿಗೆ, ಬಡ್ಡಿ ಬೀಳೋದಕ್ಕೆ. ಬಡ್ಡಿಗೆ ತೆರಿಗೆ ಇದೆ, ಬ್ಯಾಂಕೇ ಶೇ 30 ಮತ್ತು ಸೆಸ್ ಹಿಡಿಯುತ್ತದೆ. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.
- ಎನ್‌ಆರ್‌ಇ: ಹೊರಗಿನ ದುಡಿಮೆ ಕಳಿಸೋದಕ್ಕೆ. ಇರೋದು ರೂಪಾಯಿಯಲ್ಲಿ. ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು.
- ಎಫ್‌ಸಿಎನ್‌ಆರ್: ಡಾಲರ್, ಪೌಂಡ್ ಥರದ ಹೊರ ಕರೆನ್ಸಿಯಲ್ಲೇ ಇಡುವ ಠೇವಣಿ. 1ರಿಂದ 5 ವರ್ಷ.

ಊರಿಗೆ ಪೂರ್ತಿ ವಾಪಸ್ ಬಂದವರು ಎನ್‌ಆರ್‌ಇ ಖಾತೆಯನ್ನು ಬದಲಾಯಿಸಬೇಕು. ಬಡ್ಡಿ ತೆರಿಗೆ ವಿನಾಯಿತಿಯೂ ಅಲ್ಲಿಗೆ ಮುಗಿಯಿತು. ಅಮೆರಿಕದ ಗ್ರೀನ್ ಕಾರ್ಡ್ ಇರುವವರು ಇನ್ನೊಂದು ನೆನಪಿಡಬೇಕು. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲದಿದ್ದರೂ ಅಲ್ಲಿ ತೋರಿಸಲೇಬೇಕು.

ಅಂಗಡಿಯವರು ಇದನ್ನು ಓದಲೇಬೇಕು

ನಿಮ್ಮ ಮಳಿಗೆ ಮಾಲೀಕರು ಹೊರದೇಶದಲ್ಲಿದ್ದಾರಾ? ಹಾಗಾದರೆ ಬಾಡಿಗೆಯಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಊರಲ್ಲೇ ಇರುವ ಮಾಲೀಕರಿಗೆ ತಿಂಗಳಿಗೆ 50 ಸಾವಿರ ದಾಟಿದರೆ ಅನ್ನೋ ಮಿತಿ ಇದೆ. ಎನ್‌ಆರ್‌ಐ ಮಾಲೀಕರಿಗೆ ಅಂಥ ಮಿತಿ ಇಲ್ಲ. ದರ ಶೇ 30, ಸೆಸ್ ಸೇರಿ ಶೇ 31.2.

ತಿಂಗಳ ಬಾಡಿಗೆ 12 ಸಾವಿರ ಅಂತ ಇಟ್ಟುಕೊಳ್ಳಿ. 3,744 ರೂಪಾಯಿ ಹಿಡಿದು ಮುಂದಿನ ತಿಂಗಳು 7ರೊಳಗೆ ಕಟ್ಟಬೇಕು. ಉಳಿದ 8,256 ಮಾಲೀಕರ ಎನ್‌ಆರ್‌ಒ ಖಾತೆಗೆ. ಇದಕ್ಕೆ ಟ್ಯಾನ್ ನಂಬರ್ ಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಹಿಡಿಯದಿದ್ದರೆ ಆ ತೆರಿಗೆಯನ್ನು ಬಡ್ಡಿ ಸಮೇತ ನಿಮ್ಮಿಂದಲೇ ಕೇಳಬಹುದು. ನಿಮ್ಮ ವ್ಯಾಪಾರದ ಲೆಕ್ಕದಲ್ಲಿ ಬಾಡಿಗೆ ಖರ್ಚನ್ನೇ ಒಪ್ಪದೆ ಹೋಗಬಹುದು.

ಮಾಲೀಕರಿಗೂ ದಾರಿ ಇದೆ. ಅವರ ಇಲ್ಲಿನ ಆದಾಯ ಕಡಿಮೆ ಇದ್ದರೆ ಕಡಿಮೆ ದರದಲ್ಲಿ ಹಿಡಿಯಲು ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಇಲ್ಲವೇ ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿ ಎನ್‌ಆರ್‌ಐಗೂ ಇದೆ. ಆದರೆ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಅನ್ನೋ ರಿಯಾಯಿತಿ ನಿವಾಸಿಗಳಿಗೆ ಮಾತ್ರ.

ಸೈಟು, ಮನೆ ಕೊಳ್ಳುವವರಿಗೂ ಇದೇ ಎಚ್ಚರ. ಊರಲ್ಲಿರುವವರಿಂದ ಕೊಂಡರೆ 50 ಲಕ್ಷದಿಂದ ಮೇಲೆ ಶೇ 1 ಹಿಡಿದರೆ ಸಾಕು. ಎನ್‌ಆರ್‌ಐ ಮಾರುತ್ತಿದ್ದರೆ ಮಿತಿಯಿಲ್ಲ. ಎರಡು ವರ್ಷಕ್ಕಿಂತ ಹಳೆಯ ಆಸ್ತಿಯಾದರೆ ಶೇ 12.5, ಅದರ ಮೇಲೆ ಸೆಸ್. ಪ್ರಮಾಣಪತ್ರ ತಂದಿಲ್ಲದಿದ್ದರೆ ಲಾಭದ ಮೇಲಲ್ಲ, ಇಡೀ ಬೆಲೆಯ ಮೇಲೇ ಹಿಡಿಯೋದು ರೂಢಿ. 30 ಲಕ್ಷದ ಸೈಟಿಗೆ 3.9 ಲಕ್ಷ. ಮುಂಗಡ ಕೊಡುವ ಮೊದಲೇ ಮಾರುವವರು ನಿವಾಸಿಯೋ ಅಲ್ಲವೋ ಅಂತ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ.

ತೋಟದ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯಿತು. ಆದರೆ ಹೊರಗಿರುವ ಮಗನ ಹೆಸರಿಗೆ ಅಡಿಕೆ ತೋಟ, ಹೊಲ ಕೊಳ್ಳೋಕೆ ಫೆಮಾ ಈಗಲೂ ಬಿಡೋದಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು.

ಈ ಸಲ ಊರಿಗೆ ಬಂದಾಗ

ಮಗ ಬಂದಾಗ ಒಂದು ಸಂಜೆ ಕೂತು ಇಷ್ಟು ಮಾಡಿ. ಪಾಸ್‌ಪೋರ್ಟ್ ತೆಗೆದು ಈ ವರ್ಷದ ಮತ್ತು ಹಿಂದಿನ ನಾಲ್ಕು ವರ್ಷದ ದಿನಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಟಿಕೆಟ್, ಬೋರ್ಡಿಂಗ್ ಪಾಸ್ ಎಸೆಯಬೇಡಿ. ಹಳೇ ಉಳಿತಾಯ ಖಾತೆ ಎನ್‌ಆರ್‌ಒ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಮಳಿಗೆ ಬಾಡಿಗೆ ಅಪ್ಪನ ಖಾತೆಗೆ ಬರುತ್ತಿದ್ದರೂ ಕಟ್ಟಡ ಮಗನ ಹೆಸರಲ್ಲಿದ್ದರೆ ಅದು ಮಗನದೇ ಆದಾಯ ಅನ್ನೋದು ನೆನಪಿರಲಿ. ವಾಪಸ್ ಬಂದು ನೆಲೆಸುವ ಯೋಚನೆ ಇದ್ದರೆ ಬರುವ ತಾರೀಖು ಗೊತ್ತು ಮಾಡುವ ಮೊದಲೇ ಸಿಎ ಹತ್ತಿರ ಮಾತಾಡಿ.

ಇಲ್ಲಿ ಹೇಳಿರುವುದು ಸಾಮಾನ್ಯ ನಿಯಮ. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಇರುತ್ತದೆ, ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ಸಹಿ ಹಾಕುವ ಮೊದಲು ಗೊತ್ತಿರುವವರನ್ನು ಒಮ್ಮೆ ಕೇಳಿ. ಆ ಫೀಸು ನೋಟಿಸ್ ಬಂದ ಮೇಲೆ ಆಗುವ ಖರ್ಚಿಗಿಂತ ಕಡಿಮೆಯೇ.