ಒಂದೇ ಮದ್ದು, ಎರಡು ಲೆಕ್ಕ

ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸವಿರುವ ಹಲವರು ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚವನ್ನು ಎಸೆಯುವುದಿಲ್ಲ. ಹೊಸ ಪ್ರೈಮರ್, ಮದ್ದು, ಗುಂಡು ಹಾಕಿ ಮನೆಯಲ್ಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಆದರೂ ಆ ಹವ್ಯಾಸದಲ್ಲಿ, ಪುಣೆಯಲ್ಲಿ ಒತ್ತಡಮಾಪಕಗಳ ನಡುವೆ ದುಡಿಯುವ ನನ್ನಂಥ ಎಂಜಿನಿಯರ್‌ಗಳಿಗೂ ಒಂದು ಪಾಠವಿದೆ.

ಮದ್ದಿನ ಅಳತೆ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಎಷ್ಟು ತುಂಬಬೇಕೆಂದು ಹೇಳುವ ಕೈಪಿಡಿಗಳು ಹಲವು. ಹಾಡ್ಜ್‌ಡನ್ ಮದ್ದಿನ ಕಂಪನಿ, ಹಾರ್ನಡಿ ಮತ್ತು ಸಿಯೆರಾ ಗುಂಡಿನ ಕಂಪನಿಗಳು, ಲೈಮನ್ ಸಲಕರಣೆಯ ಕಂಪನಿ. ತೋಟಾ ಒಂದೇ, ಮದ್ದು ಒಂದೇ, ಗುಂಡಿನ ತೂಕವೂ ಒಂದೇ. ಆದರೂ ಗರಿಷ್ಠ ಮಿತಿ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಯಾವುದು ಸರಿ? ಎಲ್ಲವೂ ಸರಿಯಿರಬಹುದು.

ಏಕೆಂದರೆ ಪ್ರತಿ ಅಂಕಿಯೂ ಒಂದು ಪ್ರಯೋಗಾಲಯ ತನ್ನ ನಳಿಗೆ, ತನ್ನ ಪ್ರೈಮರ್, ತನ್ನ ಹಿತ್ತಾಳೆ ಕವಚ ಬಳಸಿ ಕಂಡುಕೊಂಡ ಫಲಿತಾಂಶ. ಗುಂಡಿನ ಆಕಾರ ಬದಲಾದರೆ, ಅದು ಕವಚದೊಳಗೆ ಇನ್ನಷ್ಟು ಆಳಕ್ಕೆ ಕೂತರೆ ಒತ್ತಡವೂ ಬದಲಾಗುತ್ತದೆ. ಗುಂಡು ತಯಾರಕರ ಪುಸ್ತಕ ಅವರದೇ ಗುಂಡಿಗೆ ಹತ್ತಿರದ ಸಾಕ್ಷಿ. ಆದರೆ ಅಲ್ಲಿ ಅನೇಕ ವೇಳೆ ವೇಗ ಮಾತ್ರ ಇರುತ್ತದೆ. ಮದ್ದು ತಯಾರಕರ ಪಟ್ಟಿಯಲ್ಲಿ ಸಾಮಾನ್ಯವಾಗಿ ಒತ್ತಡವೂ ಸಿಗುತ್ತದೆ.

ಒತ್ತಡದ ಅಂಕಿಯಲ್ಲೂ ಒಂದು ತೊಡಕಿದೆ. ಹಳೆಯ ವಿಧಾನದಲ್ಲಿ ಪುಟ್ಟ ತಾಮ್ರದ ತುಂಡು ಎಷ್ಟು ಚಪ್ಪಟೆಯಾಯಿತೆಂದು ನೋಡುತ್ತಿದ್ದರು. ಈಗ ಹರಳಿನ ಸೆನ್ಸರ್, ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಕೊಡುತ್ತದೆ. ಅಮೆರಿಕದ ಮಾನಕ ಸಂಸ್ಥೆ ಸಾಮಿ ಪ್ರಕಾರ .308 ವಿಂಚೆಸ್ಟರ್, .223 ರೆಮಿಂಗ್ಟನ್ ತೋಟಾಗಳೆರಡಕ್ಕೂ ತಾಮ್ರದ ಅಳತೆಯಲ್ಲಿ ಮಿತಿ 52,000. ಸೆನ್ಸರ್ ಅಳತೆಯಲ್ಲಿ ಮೊದಲನೆಯದಕ್ಕೆ ಚದರ ಇಂಚಿಗೆ 62,000 ಪೌಂಡ್, ಎರಡನೆಯದಕ್ಕೆ 55,000. ಅಂದರೆ ಒಂದರಿಂದ ಇನ್ನೊಂದಕ್ಕೆ ಗುಣಿಸಿ ಹೋಗಲು ಒಂದೇ ಸೂತ್ರವಿಲ್ಲ. ಹಿಂದೆ ಊರಿಗೊಂದು ಸೇರು ಇದ್ದ ಹಾಗೆ: ಕಾಳು ಎಷ್ಟೆಂದು ಕೇಳುವ ಮೊದಲು ಯಾವ ಊರಿನ ಸೇರು ಎಂದು ಕೇಳಬೇಕಿತ್ತು.

ಹಾಗಾಗಿ ಅನುಭವಿಗಳು ಎರಡು ಮೂರು ಕೈಪಿಡಿಗಳನ್ನು ಪಕ್ಕಪಕ್ಕ ತೆರೆದಿಟ್ಟುಕೊಳ್ಳುತ್ತಾರೆ. ಗುಂಡು, ಪ್ರೈಮರ್, ಕವಚ ತಮ್ಮದಕ್ಕೆ ಹೊಂದುತ್ತವೆಯೇ ಎಂದು ಮೊದಲು ನೋಡುತ್ತಾರೆ. ಗರಿಷ್ಠ ಮಿತಿಗಳಲ್ಲಿ ವ್ಯತ್ಯಾಸ ಕಂಡರೆ ಕಡಿಮೆಯದನ್ನೇ ಮಿತಿ ಎಂದುಕೊಳ್ಳುತ್ತಾರೆ. ಆರಂಭವಂತೂ ಸದಾ ಕೆಳಗಿನ ಅಂಕಿಯಿಂದ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವುದಿಲ್ಲ, ಸ್ನೇಹಿತ ಹೇಳಿದ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಲೆಕ್ಕ ತಪ್ಪಿದರೆ ಸಿಡಿಯುವ ಕೋವಿ ಕೆನ್ನೆಯ ಪಕ್ಕದಲ್ಲೇ ಇರುತ್ತದೆ.

ನಮ್ಮ ಕೆಲಸದ ಮೇಜಿಗೂ ದಿನವೂ ಎರಡು ವರದಿ, ಎರಡು ಅಂಕಿ ಬರುತ್ತವೆ. ಸರಾಸರಿ ಬರೆದು ಸಹಿ ಹಾಕುವುದು ಸುಲಭ. ಯಾವ ಉಪಕರಣದಲ್ಲಿ, ಯಾವ ಸ್ಥಿತಿಯಲ್ಲಿ ಅಳೆದಿರಿ ಎಂದು ಕೇಳಿದರೆ ಅರ್ಧ ಗಂಟೆ ತಡವಾಗುತ್ತದೆ, ಅಷ್ಟೇ. ಆ ಅರ್ಧ ಗಂಟೆಯನ್ನು ಉಳಿಸಲು ಹೋಗಬಾರದು.